ಚಾಲೂ ಆಗದ ಕಂಪ್ಯೂಟರ್: ಅಂಗಡಿ, ಸ್ಪೀಕರ್, ಕಾರ್ಡ್, ಮೀಟರ್ ಮತ್ತು ರಟ್ಟಿನ ಡಬ್ಬಿ

ಕಳೆದ ಮೇ ತಿಂಗಳಲ್ಲಿ, ಅಣ್ಣನ ಮಗಳ ಎಂಜಿನಿಯರಿಂಗ್ ಓದಿಗೆಂದು ಮನೆಯಲ್ಲಿಯೇ ಜೋಡಿಸಿದ ಕಂಪ್ಯೂಟರಿನ ಗುಂಡಿ ಒತ್ತಿದಾಗ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಮತ್ತೆ ಒತ್ತಿದರೆ ಅಷ್ಟೂ ಇಲ್ಲ. ಗೋಡೆಯ ಸ್ವಿಚ್ಚು ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ ಒತ್ತಿದರೆ ಮತ್ತೆ ಅದೇ ಅರ್ಧ ಸುತ್ತು. ರೈಜನ್ 5 5600ಜಿ ಪ್ರೊಸೆಸರ್, ಬಿ450 ಚಿಪ್‌ಸೆಟ್ಟಿನ, ಎಟಿಎಕ್ಸ್ ಎಂಬ ದೊಡ್ಡ ಅಳತೆಯ ಮದರ್‌ಬೋರ್ಡ್ (ಮುಂದೆ ಬರಿಯ ಬೋರ್ಡ್ ಎನ್ನುತ್ತೇನೆ), 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 550 ವ್ಯಾಟಿನ ಪವರ್ ಸಪ್ಲೈ. ಎಲ್ಲವೂ ಹೊಸವು, ಆದ್ದರಿಂದ ಯಾವುದನ್ನೂ ಸಂಶಯಿಸಲು ಮನಸ್ಸಾಗದು, ಯಾವುದನ್ನೂ ನಂಬಲೂ ಆಗದು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಬೇರೆ ಭಾಗ ಹಾಕಿ ನೋಡಿ. ಆದರೆ ಕಲಬುರಗಿಯಲ್ಲಿ ಕುಳಿತು ಈ ಸಲಹೆಯನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ. ಸೂಪರ್ ಮಾರ್ಕೆಟ್ ಸುತ್ತಿನ ಅಂಗಡಿಗಳಲ್ಲಿ ಕೀಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ ನನಗೆ ತಕ್ಷಣ ಸಿಕ್ಕಿವೆ. ನಮ್ಮ ಪ್ರೊಸೆಸರ್ ಕೂರುವ ಸಾಕೆಟ್ಟಿನ ಬೋರ್ಡು ಬೇಕೆಂದರೆ ತರಿಸಿಕೊಡುವವರೆಗೆ ಕಾಯಬೇಕು, ಇಲ್ಲವೇ ವಾಡಿ, ತಾಂಡೂರು, ವಿಕಾರಾಬಾದ್ ದಾರಿಯ ರೈಲು ಹಿಡಿದು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿಬರಲು ಒಂದು ದಿನ ಕಳೆಯಬೇಕು. ಹೀಗಾಗಿ ಭಾಗ ಬದಲಾಯಿಸದೆ ದೋಷ ಪತ್ತೆ ಮಾಡುವ ದಾರಿಗಳು ನಮಗೆ ಹೆಚ್ಚು ಬೆಲೆಯುಳ್ಳವು. ಆ ಬೇಸಿಗೆಯಿಂದ ಈಚೆಗೆ ಮೂರು ಯಂತ್ರಗಳ ಮೇಲೆ ಐದು ದಾರಿಗಳನ್ನು ಪ್ರಯತ್ನಿಸಿದ್ದೇನೆ. ಮೊದಲನೆಯದು ಮೇಲೆ ಹೇಳಿದ್ದು. ಎರಡನೆಯದು ಆಳಂದದಲ್ಲಿ ಸೋದರಮಾವ ನಡೆಸುವ ತೊಗರಿ ಬೇಳೆ ಮಿಲ್ಲಿನ ಲೆಕ್ಕಪತ್ರಕ್ಕೆಂದು 2011ರಲ್ಲಿ ನಾನೇ ಜೋಡಿಸಿಕೊಟ್ಟಿದ್ದ, ಜಿ41 ಚಿಪ್‌ಸೆಟ್ಟಿನ ಹಳೆಯ ಯಂತ್ರ. ಮೂರನೆಯದು ಜೇವರ್ಗಿ ರಸ್ತೆಯ ನಮ್ಮ ಮನೆಯ ಪಕ್ಕದ ಹುಡುಗನು ಜೋಡಿಸಿದ್ದು.

ಅಂಗಡಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಒಂದು ಅಂಗಡಿಯಲ್ಲಿ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ರ‍್ಯಾಮ್ ಬದಲಾಯಿಸಿ, ಎರಡು ಬಾರಿ ಗುಂಡಿ ಒತ್ತಿ, "ಬೋರ್ಡೇ ಹೋಗ್ಯಾದ ನೋಡ್ರಿ ಸರ್" ಎಂದರು. ಅವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಅವರ ಬಳಿ ಹೊಂದುವ ಇನ್ನೊಂದು ಬೋರ್ಡ್ ಇರಲಿಲ್ಲ, ಆದ್ದರಿಂದ ಅದು ಪರೀಕ್ಷೆಯ ಫಲವಾಗಿರದೆ ಊಹೆಯಾಗಿತ್ತು. ಆ ಊಹೆಯನ್ನು ನಂಬಿದ್ದರೆ ಸರಿಯಾಗಿದ್ದ ಬೋರ್ಡನ್ನು ಎಸೆದು ಇನ್ನೊಂದನ್ನು ಕೊಳ್ಳುತ್ತಿದ್ದೆ, ಮತ್ತು ಆ ಇನ್ನೊಂದೂ ಅದೇ ಕ್ಯಾಬಿನೆಟ್ಟಿನಲ್ಲಿ ಏಳುತ್ತಿರಲಿಲ್ಲ.

ಬೋರ್ಡಿಗೆ ಚುಚ್ಚುವ ಚಿಕ್ಕ ಸ್ಪೀಕರ್ ಮತ್ತು ಎರಡಂಕಿಯ ಸಂಕೇತ ತೋರಿಸುವ ಪರೀಕ್ಷಾ ಕಾರ್ಡ್, ಇವೆರಡನ್ನು ಒಟ್ಟಿಗೆ ಹೋಲಿಸಬೇಕು, ಏಕೆಂದರೆ ಇವು ಒಂದೇ ಕೆಲಸವನ್ನು ಮಾಡುತ್ತವೆ: ಯಂತ್ರವು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಹೇಳುವುದನ್ನು ನಮಗೆ ತಲುಪಿಸುತ್ತವೆ. ಆಳಂದದ ಯಂತ್ರದಲ್ಲಿ ಎರಡೂ ಗೆದ್ದವು. ಸ್ಪೀಕರ್ ಚುಚ್ಚಿ ಗುಂಡಿ ಒತ್ತಿದೊಡನೆ ಉದ್ದನೆಯ ಬೀಪ್ ಮತ್ತೆ ಮತ್ತೆ ಕೇಳಿಸಿತು, ಅವಾರ್ಡ್ ಕಂಪನಿಯ ಬಯೋಸಿನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ, ಬೋರ್ಡಿನಲ್ಲಿಯೇ ಇರುವ ತಂತ್ರಾಂಶ) ಇದು ರ‍್ಯಾಮಿನ ದೋಷದ ಗುರುತು. ಪಿಸಿಐ ಎಂಬ ಹಳೆಯ ಮಾದರಿಯ ಸ್ಲಾಟಿಗೆ ಕಾರ್ಡ್ ಹಾಕಿದಾಗ ಸಿ1 ಎಂದು ತೋರಿಸಿ ನಿಂತಿತು, ಅದೂ ರ‍್ಯಾಮ್ ಗುರುತಿಸುವ ಹಂತವೇ. ಮಿಲ್ಲಿನ ಬೇಳೆಯ ಹುಡಿ ವರ್ಷಗಟ್ಟಲೆ ಒಳಗೆ ಕೂತು ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳು ಮಸುಕಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೃದುವಾಗಿ ಉಜ್ಜಿ, ಸ್ಲಾಟನ್ನು ಕುಂಚದಿಂದ ಸ್ವಚ್ಛಗೊಳಿಸಿ ಕೂರಿಸಿದಾಗ ಯಂತ್ರ ಎದ್ದಿತು. ಒಂದೇ ಉತ್ತರ ಕೊಟ್ಟ ಈ ಎರಡರಲ್ಲಿ ಸ್ಪೀಕರಿಗೆ ನಾನು ಕೊಟ್ಟದ್ದು 40 ರೂಪಾಯಿ, ಕಾರ್ಡಿಗೆ 450. ಬೀಪಿನ ಅರ್ಥವು ಬಯೋಸ್ ತಯಾರಿಸಿದವರನ್ನು ಅವಲಂಬಿಸಿ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು: ಅವಾರ್ಡಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಚಿತ್ರ ತೋರಿಸುವ ಭಾಗದ ದೋಷ, ಅದನ್ನೇ ಎಎಂಐ ಬಯೋಸಿನ ಯಂತ್ರಕ್ಕೆ ಹೊಂದಿಸಿಕೊಂಡರೆ ದಾರಿ ತಪ್ಪಬಹುದು.

ಹೊಸ ಯಂತ್ರದ ಮುಂದೆ ಇವೆರಡೂ ಸೋತವು. ಬಿ450 ಬೋರ್ಡಿನಲ್ಲಿ ಪಿಸಿಐ ಸ್ಲಾಟೇ ಇರಲಿಲ್ಲ, ಹೀಗಾಗಿ ಕಾರ್ಡನ್ನು ಎಲ್ಲಿಯೂ ಚುಚ್ಚಲಾಗಲಿಲ್ಲ, ಸ್ಪೀಕರ್ ಮೌನವಾಗಿತ್ತು, ಪ್ರೊಸೆಸರ್, ರ‍್ಯಾಮ್ ಎಂದು ಬರೆದಿದ್ದ ಬೋರ್ಡಿನ ಪುಟ್ಟ ದೀಪಗಳೂ ಹೊತ್ತಲಿಲ್ಲ. ವಿದ್ಯುತ್ ಅರ್ಧ ಸೆಕೆಂಡಿನಲ್ಲಿ ಕಡಿದುಹೋಗುವ ಯಂತ್ರಕ್ಕೆ ತನ್ನ ಕಷ್ಟ ಹೇಳಿಕೊಳ್ಳಲು ಸಮಯವೇ ಇರುವುದಿಲ್ಲ. ಇಲ್ಲಿ ಯಂತ್ರವನ್ನು ಕೇಳುವುದನ್ನು ಬಿಟ್ಟು ವಿದ್ಯುತ್ತನ್ನೇ ಕೇಳಬೇಕಾಯಿತು.

ಅದಕ್ಕೆ ಬೇಕಾದದ್ದು ವೋಲ್ಟ್ ಅಳೆಯುವ ಮಲ್ಟಿಮೀಟರ್. ಪವರ್ ಸಪ್ಲೈ ಪರೀಕ್ಷೆಗೆ ಬಹಳ ಜನ ಮಾಡುವುದು ಕಾಗದದ ಕ್ಲಿಪ್ ಉಪಾಯ: 24 ಪಿನ್ನಿನ ಕನೆಕ್ಟರನ್ನು ಹೊರತೆಗೆದು ಹಸಿರು ವೈರನ್ನು ಕಪ್ಪು ವೈರಿಗೆ ಕೂಡಿಸಿ ಫ್ಯಾನು ತಿರುಗುವುದೇ ಎಂದು ನೋಡುವುದು. ನಾನೂ ಮಾಡಿದೆ, ಫ್ಯಾನು ಚೆನ್ನಾಗಿ ತಿರುಗಿತು. ಆದರೆ ಯಾವ ಭಾರವೂ, ಅಂದರೆ ವಿದ್ಯುತ್ ಬಳಸುವ ಯಾವ ಭಾಗವೂ, ಇಲ್ಲದೆ ತಿರುಗಿದ ಪವರ್ ಸಪ್ಲೈ ಭಾರ ಹೊರುತ್ತದೆಯೇ ಎಂಬುದನ್ನು ಆ ಉಪಾಯ ಹೇಳುವುದಿಲ್ಲ. ಮೀಟರ್ ಹಿಡಿದು, ಕನೆಕ್ಟರನ್ನು ಬೋರ್ಡಿನಿಂದ ಕೀಳದೆ, ವೈರು ಒಳಹೋಗುವ ಸಂದಿಯಲ್ಲಿ ಹಿಂಬದಿಯಿಂದ ಕೆಂಪು ಮೊನೆ ತೂರಿಸಿ, ಕಪ್ಪು ಮೊನೆಯನ್ನು ಒಂದು ಕಪ್ಪು ವೈರಿಗೆ ತಾಗಿಸಿ ಅಳೆಯುವುದು ಇದಕ್ಕಿಂತ ಎಷ್ಟೋ ಪಾಲು ಮೇಲು. ಗೋಡೆಯ ಸ್ವಿಚ್ಚು ಹಾಕಿದ್ದು ಯಂತ್ರ ಆರಿರುವಾಗಲೇ ನೇರಳೆ ವೈರಿನಲ್ಲಿ 5 ವೋಲ್ಟ್ ಇರಬೇಕು; ಅದಿಲ್ಲದಿದ್ದರೆ ಮುಂದಿನ ಯಾವ ಪ್ರಯತ್ನಕ್ಕೂ ಅರ್ಥವಿಲ್ಲ. ಅನಂತರ ಹಸಿರು ವೈರು: ಯಂತ್ರ ಆರಿರುವಾಗ ಅದರಲ್ಲಿ ಕೆಲವು ವೋಲ್ಟ್ ಕಾಣಬೇಕು, ಗುಂಡಿ ಒತ್ತಿದೊಡನೆ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಇಳಿಯದಿದ್ದರೆ ದೋಷ ಗುಂಡಿಯಲ್ಲಿಯೋ, ಅದರ ವೈರಿನಲ್ಲಿಯೋ, ಬೋರ್ಡಿನಲ್ಲಿಯೋ ಇದೆ. ಇಳಿದರೂ ಹಳದಿ, ಕೆಂಪು, ಕಿತ್ತಳೆ ವೈರುಗಳಲ್ಲಿ 12, 5, 3.3 ವೋಲ್ಟ್ ಏಳದಿದ್ದರೆ ಸಂಶಯ ಪವರ್ ಸಪ್ಲೈ ಕಡೆ ವಾಲುತ್ತದೆ. ಎದ್ದು ತಕ್ಷಣ ಬಿದ್ದರೆ, ಎಲ್ಲಿಯೋ ಶಾರ್ಟ್ ಆಗಿದ್ದರಿಂದ ಪವರ್ ಸಪ್ಲೈ ತನ್ನ ರಕ್ಷಣೆಗಾಗಿ ಬಾಗಿಲು ಮುಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಈಗ ಬರುವ ಹಲವು ಸಪ್ಲೈಗಳಲ್ಲಿ ವೈರುಗಳೆಲ್ಲ ಕಪ್ಪಾಗಿರುವುದರಿಂದ ಸ್ಥಾನ ನೆನಪಿಡಬೇಕು: ಹಸಿರು ವೈರಿನದು 16ನೆಯ ಪಿನ್, ನೇರಳೆಯದು 9ನೆಯದು.

ನನ್ನ ಯಂತ್ರದಲ್ಲಿ ನೇರಳೆಯಲ್ಲಿ 5.04 ಇತ್ತು, ಹಸಿರು ಇಳಿಯಿತು, ಹಳದಿಯಲ್ಲಿ ಅಂಕಿಗಳು ಒಮ್ಮೆ ಜಿಗಿದು ಸೊನ್ನೆಗೆ ಬಂದವು. ಗೋಡೆಯ ಸ್ವಿಚ್ಚು ಆರಿಸುವವರೆಗೆ ಎರಡನೆಯ ಒತ್ತಿಗೆ ಏಕೆ ಉತ್ತರ ಬರುತ್ತಿರಲಿಲ್ಲ ಎಂಬುದೂ ಆಗ ತಿಳಿಯಿತು: ಒಮ್ಮೆ ಮುಚ್ಚಿಕೊಂಡ ಸಪ್ಲೈ ಬುಡದ ವಿದ್ಯುತ್ ಕಡಿಯುವವರೆಗೆ ತೆರೆದುಕೊಳ್ಳುತ್ತಿರಲಿಲ್ಲ. ಮೀಟರ್ ಇನ್ನೊಂದು ವಿಷಯವನ್ನೂ ತೋರಿಸಿತು. ಕ್ಯಾಬಿನೆಟ್ಟಿನ ಲೋಹಕ್ಕೂ ಗೋಡೆಯ ಅರ್ಥಿಂಗ್ ತೂತಿಗೂ ನಡುವೆ ಸುಮಾರು 110 ವೋಲ್ಟ್ ಇತ್ತು. ಎಕ್ಸ್‌ಟೆನ್ಷನ್ ಬೋರ್ಡಿನ ಅರ್ಥ್ ವೈರು ಕಡಿದಿತ್ತು. ಅರ್ಥಿಂಗ್ ಇಲ್ಲದಾಗ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ ಕ್ಯಾಬಿನೆಟ್ ಮನೆಯ 230 ವೋಲ್ಟಿನ ಅರ್ಧದಷ್ಟರಲ್ಲಿ ತೇಲುತ್ತದೆ, ಕೈಗೆ ಜುಮ್ಮೆನ್ನುವುದು ಅದರಿಂದಲೇ. ಯಂತ್ರ ಏಳದಿರುವುದಕ್ಕೆ ಇದು ಕಾರಣವಾಗಿರಲಿಲ್ಲ, ಆದರೂ ಅಂದೇ ಆ ಎಕ್ಸ್‌ಟೆನ್ಷನ್ ಬದಲಾಯಿಸಿದೆ. ಇದೇ ಕಾರಣಕ್ಕೆ ಒಂದು ಮಾತು: ಮೀಟರ್ ಕೈಯಲ್ಲಿದೆಯೆಂದು ಪವರ್ ಸಪ್ಲೈ ಡಬ್ಬಿಯನ್ನು ಬಿಚ್ಚಬಾರದು, ಅದರ ದೊಡ್ಡ ಕೆಪಾಸಿಟರ್ ವೈರು ಕಿತ್ತ ಮೇಲೂ 300 ವೋಲ್ಟಿಗಿಂತ ಹೆಚ್ಚನ್ನು ಹಿಡಿದುಕೊಂಡಿರಬಹುದು.

ಶಾರ್ಟ್ ಇದೆಯೆಂದು ಮೀಟರ್ ಹೇಳಿತು, ಎಲ್ಲಿ ಎಂದು ಹೇಳಲಿಲ್ಲ. ಅದನ್ನು ಹೇಳಿದ್ದು ಕಾಸು ಖರ್ಚಿಲ್ಲದ ಐದನೆಯ ದಾರಿ. ಎಲ್ಲವನ್ನೂ ಬಿಚ್ಚಿ, ಬೋರ್ಡ್ ಬಂದಿದ್ದ ರಟ್ಟಿನ ಡಬ್ಬಿಯನ್ನು ಶಹಾಬಾದ್ ಕಲ್ಲಿನ ನೆಲದ ಮೇಲಿಟ್ಟು, ಅದರ ಮೇಲೆ ಬೋರ್ಡ್, ಕೂಲರ್ ಸಹಿತ ಪ್ರೊಸೆಸರ್, ಒಂದೇ ರ‍್ಯಾಮ್, ಪವರ್ ಸಪ್ಲೈ ಮತ್ತು ಮಾನಿಟರ್, ಇಷ್ಟನ್ನೇ ಕೂಡಿಸಿದೆ. 5600ಜಿಯಲ್ಲಿ ಚಿತ್ರ ತೋರಿಸುವ ಭಾಗ ಒಳಗೇ ಇರುವುದರಿಂದ ಗ್ರಾಫಿಕ್ಸ್ ಕಾರ್ಡ್ ಬೇಕಾಗಲಿಲ್ಲ. ಬೋರ್ಡ್ ಸುತ್ತಿ ಬಂದ ಹೊಳೆಯುವ ಚೀಲದ ಮೇಲೆ ಇಡುವವರಿದ್ದಾರೆ, ಅದು ತಪ್ಪು. ಆ ಚೀಲದ ಮೈ ಸ್ವಲ್ಪಮಟ್ಟಿಗೆ ವಿದ್ಯುತ್ ಹರಿಯಗೊಡುವಂಥದ್ದು, ಒಣಗಿದ ರಟ್ಟೇ ಒಳ್ಳೆಯದು. ಪವರ್ ಗುಂಡಿಯ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದಾಗ ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು, ಮಾನಿಟರಿನಲ್ಲಿ ಬಯೋಸ್ ಪರದೆ ಮೂಡಿತು.

ಬೋರ್ಡ್ ಸತ್ತಿರಲಿಲ್ಲ, ಸಪ್ಲೈಯೂ ಸರಿಯಿತ್ತು. ದೋಷ ಕ್ಯಾಬಿನೆಟ್ಟಿನಲ್ಲಿಯೇ ಇರಬೇಕಿತ್ತು. ಬೋರ್ಡಿನಲ್ಲಿ ತಿರುಪಿನ ರಂಧ್ರಗಳು ಒಂಬತ್ತು, ಕ್ಯಾಬಿನೆಟ್ಟಿನ ತಟ್ಟೆಯಲ್ಲಿ ಹಿತ್ತಾಳೆಯ ಕಂಬಗಳು ಹತ್ತು. ಇದಕ್ಕಿಂತ ಚಿಕ್ಕ ಅಳತೆಯ ಮೈಕ್ರೋ ಎಟಿಎಕ್ಸ್ ಬೋರ್ಡಿಗೆಂದು ಮೊದಲೇ ತಿರುಗಿಸಿದ್ದ ಹತ್ತನೆಯ ಕಂಬ ನನ್ನ ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ಒತ್ತಿಕೊಂಡಿತ್ತು. ಅದನ್ನು ಇಕ್ಕಳದಿಂದ ತಿರುಗಿಸಿ ತೆಗೆದು ಮತ್ತೆ ಜೋಡಿಸಿದೆ.

ಹಾಗಾದರೆ ರಟ್ಟಿನ ಡಬ್ಬಿಯೇ ಎಲ್ಲಕ್ಕೂ ಮೇಲೆಂದು ಹೇಳಬಹುದೇ? ಹೊಸದಾಗಿ ಜೋಡಿಸಿದ, ಒಮ್ಮೆಯೂ ಏಳದ ಯಂತ್ರಕ್ಕೆ ಹೌದು ಎನ್ನುತ್ತೇನೆ, ಮತ್ತು ಅದಕ್ಕೆ ಮುಂಚೆ ಹತ್ತು ನಿಮಿಷ ಮೀಟರ್ ಹಿಡಿಯುವುದು ಎಲ್ಲ ಬಿಚ್ಚುವ ಶ್ರಮ ಬೇಕೋ ಬೇಡವೋ ಎಂಬುದನ್ನು ತಿಳಿಸುತ್ತದೆ. ವರ್ಷಗಟ್ಟಲೆ ನಡೆದು ಈಗ ನಿಂತ ಯಂತ್ರಕ್ಕೆ ಸ್ಪೀಕರನ್ನೇ ಮೊದಲು ಹಾಕುತ್ತೇನೆ. ಕಾರ್ಡನ್ನು ಇನ್ನೊಮ್ಮೆ ಕೊಳ್ಳುವುದಿಲ್ಲ.

ಪಕ್ಕದ ಮನೆಯ ಹುಡುಗನ ಯಂತ್ರ ಮಾತ್ರ ಇವೆಲ್ಲವನ್ನೂ ಮೀರಿತು. ಅವನದೂ ಬಿ450 ಬೋರ್ಡೇ, ಪ್ರೊಸೆಸರ್ ಮಾತ್ರ ರೈಜನ್ 5 5600, ಜೊತೆಗೆ ಗ್ರಾಫಿಕ್ಸ್ ಕಾರ್ಡ್. ಫ್ಯಾನು ನಿಲ್ಲದೆ ತಿರುಗುತ್ತಿತ್ತು, ಪರದೆ ಕಪ್ಪಾಗಿತ್ತು. ಮೀಟರಿನ ಅಂಕಿಗಳೆಲ್ಲ ಸರಿಯಿದ್ದವು, ರಟ್ಟಿನ ಮೇಲಿಟ್ಟರೂ ಅದೇ ಸ್ಥಿತಿ, ಪ್ರೊಸೆಸರ್ ದೀಪ ಮಾತ್ರ ಹೊತ್ತಿಕೊಂಡಿತ್ತು. ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ, ರೈಜನ್ 5000 ಸರಣಿ 2020ರ ನವೆಂಬರಿನಲ್ಲಿ. ಹಳೆಯ ಬಯೋಸ್ ಉಳಿದಿರುವ ಬೋರ್ಡ್ ಆ ಹೊಸ ಪ್ರೊಸೆಸರನ್ನು ಗುರುತಿಸದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ಬರೆಯುವ ಗುಂಡಿ ಕೆಲವು ಬೋರ್ಡುಗಳಲ್ಲಿರುತ್ತದೆ, ಅವನದರಲ್ಲಿ ಇರಲಿಲ್ಲ. ಇಲ್ಲಿ ಗೆದ್ದದ್ದು ನಾನು ಕೊನೆಗಿಟ್ಟಿದ್ದ ದಾರಿಯೇ, ಭಾಗ ಬದಲಾಯಿಸುವುದು: ಸ್ನೇಹಿತರೊಬ್ಬರ ಹಳೆಯ ರೈಜನ್ 3 2200ಜಿಯನ್ನು ಒಂದು ಸಂಜೆಗೆ ಕೇಳಿ ತಂದೆವು. ಕೂಲರನ್ನು ನೇರ ಮೇಲಕ್ಕೆ ಎಳೆದರೆ, ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಬಂದು ಅದರ 1331 ಪಿನ್ನುಗಳಲ್ಲಿ ಕೆಲವಾದರೂ ಬಾಗಬಹುದಾದ್ದರಿಂದ, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಿದೆವು. 2200ಜಿ ಹಾಕಿದಾಗ ಪರದೆ ಬಂತು, ಹೊಸ ಬಯೋಸ್ ಬರೆದೆವು, ಮತ್ತೆ 5600 ಕೂರಿಸಿ ಹೊಸ ಪೇಸ್ಟ್ ಹಚ್ಚಿ ಗುಂಡಿ ಒತ್ತಿದಾಗ ರಾತ್ರಿ ಹತ್ತೂವರೆಯಾಗಿತ್ತು, ಯಂತ್ರ ಮೊದಲ ಒತ್ತಿಗೇ ಎದ್ದಿತು.