ಅಂಗಾಂಗ ದಾನದ ಕೋಆರ್ಡಿನೇಟರ್ ಸೇವೆ: ಪರೀಕ್ಷೆ ತೋರಿಸಿದ್ದು ಸರಿ, ಫಾರ್ಮ್‌ಗೆ ಅವಸರ ಮಾಡಿದ್ದು ತಪ್ಪು

ನಮ್ಮ ಅಣ್ಣನ ಮೆದುಳು ನಿಷ್ಕ್ರಿಯವಾದಾಗ ಆಸ್ಪತ್ರೆಯ ಅಂಗಾಂಗ ದಾನ ವಿಭಾಗದವರು ನಮ್ಮ ಜೊತೆ ಹೇಗೆ ನಡೆದುಕೊಂಡರು ಅಂತ ಬರೆಯುತ್ತಿದ್ದೇನೆ. ಕಿಡ್ನಿ, ಲಿವರ್ ಕೊಟ್ಟೆವು. ಕೊಟ್ಟಿದ್ದಕ್ಕೆ ಬೇಸರವಿಲ್ಲ.

ಅವರು ಮಾಡಿದ ಒಳ್ಳೆಯ ಕೆಲಸ ಮೊದಲು ಹೇಳಬೇಕು. ಎರಡನೇ ಸಲ ಉಸಿರಾಟದ ಪರೀಕ್ಷೆ ಮಾಡುವಾಗ ಅತ್ತಿಗೆಯನ್ನೂ ನನ್ನನ್ನೂ ಪಕ್ಕದಲ್ಲೇ ನಿಲ್ಲಲು ಬಿಟ್ಟರು. ವೆಂಟಿಲೇಟರ್ ಬಿಡಿಸಿ ಕೊಳವೆಯಲ್ಲಿ ಬರೀ ಆಕ್ಸಿಜನ್ ಬಿಟ್ಟರು. ಹಾಗೆ ಮಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಉಸಿರಾಟ ನಡೆಸುವ ಮೆದುಳಿನ ಕೆಳಭಾಗ, ಅಂದರೆ ಮೆದುಳಿನ ಕಾಂಡ, ಕೆಲಸ ಮಾಡುತ್ತಿದ್ದರೆ ಆಗ ಉಸಿರು ಎಳೆಯಲೇಬೇಕು. ಕಾರ್ಬನ್ ಡೈಆಕ್ಸೈಡ್ ಒತ್ತಡ ಪಾದರಸದ ಅಳತೆಯಲ್ಲಿ 60 ಎಂಎಂ ದಾಟಿದರೂ ಅಣ್ಣನ ಎದೆ ಏಳಲಿಲ್ಲ. ಮೈ ಮಾತ್ರ ಬೆಚ್ಚಗಿತ್ತು, ಮಾನಿಟರಿನಲ್ಲಿ ಹೃದಯ ಬಡಿಯುತ್ತಿತ್ತು. ಮೆದುಳಿನ ಅಪ್ಪಣೆ ಇಲ್ಲದೆಯೂ ಹೃದಯ ತಾನೇ ಬಡಿಯಬಲ್ಲದು, ಆಕ್ಸಿಜನ್ ಸಿಗುತ್ತಿದ್ದರೆ ಸಾಕು ಅಂತ ಐಸಿಯು ಡಾಕ್ಟರ್ ಬಿಡಿಸಿ ಹೇಳಿದರು. ಅತ್ತಿಗೆ ಒಪ್ಪಿದ್ದು ಅದನ್ನು ಕಣ್ಣಾರೆ ಕಂಡ ಮೇಲೆಯೇ.

ಆದರೆ ಈ ಪರೀಕ್ಷೆಗೆ ಮುಂಚೆಯೇ, ದಾನದ ಬಗ್ಗೆ ಮನೆಯವರ ಜೊತೆ ಮಾತಾಡುವ ಕೋಆರ್ಡಿನೇಟರ್ ಒಪ್ಪಿಗೆ ಫಾರ್ಮ್ ಹಿಡಿದು ಬಂದಿದ್ದರು. ಇದು ನನಗೆ ಸುತರಾಂ ಹಿಡಿಸಲಿಲ್ಲ. ಅಂಗ ತೆಗೆಯುವುದರಿಂದ ಯಾರೂ ಸಾಯಬಾರದು, ಇದೇ ಈ ಕೆಲಸದ ಮೂಲ ನಿಯಮ. ಸಾವು ನಿರ್ಧರಿಸುವ ಡಾಕ್ಟರ್ ಕಸಿ ಮಾಡುವ ತಂಡದಲ್ಲಿ ಇರಬಾರದು ಅನ್ನುವುದೂ ಅದಕ್ಕೇ. ತೀರ್ಮಾನಕ್ಕೆ ಮೊದಲೇ ಫಾರ್ಮ್ ಕೈಗೆ ಬಂದರೆ, ಅಂಗ ಬೇಕು ಅಂತಲೇ ಸತ್ತ ಅನ್ನುತ್ತಿದ್ದಾರಾ ಅನ್ನಿಸುತ್ತದೆ, ಅಲ್ವಾ?

ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1967ರ ಡಿಸೆಂಬರ್‌ನಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಆಯಿತು. 1968ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿ ಮೆದುಳಿನ ಸಾವನ್ನೂ ಸಾವು ಅಂತ ಒಪ್ಪಬೇಕು ಎಂದಿತು. ಹೃದಯ ನಿಂತರೆ ಮಾತ್ರ ಸಾವು ಅನ್ನುವ ಹಳೆಯ ಅಳತೆಯಿಂದ ಕಸಿಗೆ ಅಂಗ ಪಡೆಯುವಾಗ ವಿವಾದ ಆಗುತ್ತದೆ ಅನ್ನುವುದೂ ಅದು ಕೊಟ್ಟ ಕಾರಣಗಳಲ್ಲಿ ಒಂದು. ಹೃದಯ ನಿಂತ ಮೇಲೆ ದಾನ ಪಡೆಯುವಾಗಲೂ ಹಲವು ದೇಶಗಳಲ್ಲಿ 5 ನಿಮಿಷ ಕಾಯುತ್ತಾರೆ, ಇಟಲಿಯಲ್ಲಿ 20. ಅಂದರೆ ಬದುಕು-ಸಾವಿನ ನಡುವೆ ಗೆರೆ ಎಳೆಯುವವರು ನಾವೇ. ಇನ್ನೆಂದೂ ಎಚ್ಚರವಾಗದ, ತಾನಾಗಿ ಉಸಿರಾಡದ ಮನುಷ್ಯ ಹೋಗಿಬಿಟ್ಟ ಅಂತ ನಾನು ಒಪ್ಪುತ್ತೇನೆ. ಆದರೆ ಇದನ್ನೆಲ್ಲ ಕೇಳಿದಾಗ ಕೋಆರ್ಡಿನೇಟರ್ "ಅದೆಲ್ಲ ಹಳೇ ವಿಷಯ" ಅಂದುಬಿಟ್ಟರು. ಮನೆಯವರಿಗೆ ಹೀಗೆ ಉತ್ತರ ಕೊಡಬಾರದು.

ಇಂಥ ಸೇವೆ ಬೇಕಾಗಿ ಬಂದರೆ ಪರೀಕ್ಷೆಯ ಹೊತ್ತಿಗೆ ಪಕ್ಕದಲ್ಲಿ ನಿಲ್ಲಲು ಕೇಳಿ. ಫಾರ್ಮ್ ಮೊದಲೇ ಬಂದರೆ, ಪರೀಕ್ಷೆ ಮುಗಿದು ಡಾಕ್ಟರ್ ನಮ್ಮ ಜೊತೆ ಮಾತಾಡಿದ ಮೇಲೆ ತನ್ನಿ ಅಂತ ವಾಪಸ್ ಕಳಿಸಿ.