‘ಅಲ್ಯುಮಿನಿಯಮ್ಮೂ ಆಗುತ್ತೆ ಸಾರ್’: 18 ಗೇಜ್ ಶೀಟಿಗೆ ಮಿಗ್ ಮಿಷನ್ ಕೊಳ್ಳುವ ಮುಂಚೆ

ಬೆಂಚಿನ ಮೇಲೆ 18 ಗೇಜಿನ, ಅಂದರೆ 1.2 ಮಿ.ಮೀ. ದಪ್ಪದ ಅಲ್ಯುಮಿನಿಯಂ ಶೀಟು. ಎರಡಡಿ ಉದ್ದದ ಜಾಯಿಂಟು. ಮೊದಲ ಎರಡು ಇಂಚು ವೆಲ್ಡು ಶೀಟಿನ ಮೇಲೆ ಸುಮ್ಮನೆ ಕೂತಿದೆ, ಚಾಣ ಇಟ್ಟು ಒಂದೇಟು ಹಾಕಿದರೆ ಸಲೀಸಾಗಿ ಎದ್ದು ಬರುತ್ತದೆ. ಮೂರರಿಂದ ಆರನೇ ಇಂಚಿನವರೆಗೆ ಪರವಾಗಿಲ್ಲ. ಏಳನೇ ಇಂಚಿಗೆ ಶೀಟು ಕುಸಿದು ಎಂಟಾಣೆ ಅಗಲದ ತೂತು. ಅದನ್ನು ತುಂಬಲು ಹೋದರೆ ತೂತು ರೂಪಾಯಿ ಅಗಲ.

ಫುಡ್ ಟ್ರಕ್ಕಿನ ಒಳಗಿನ ಕಪಾಟು, ಕೌಂಟರ್ ಮಾಡಿಕೊಡಲು ಒಪ್ಪಿಕೊಂಡ ಒಂದು ಶೆಡ್ಡಿನಲ್ಲಿ ಆದದ್ದು ಇದು. ಮಿಷನ್ ಹೊಸದು, 250 ಆಂಪ್, ಮಿಗ್ (ಟ್ರಿಗರ್ ಒತ್ತಿದರೆ ವೈರ್ ತಾನಾಗಿ ಬಂದು ಕರಗುವ ವೆಲ್ಡಿಂಗ್), ಟಿಗ್ (ಟಂಗ್‌ಸ್ಟನ್ ಕಡ್ಡಿಯ ಕಿಡಿಯಲ್ಲಿ ಶೀಟು ಕರಗಿಸುವುದು), ಆರ್ಕ್ (ರಾಡಿನ ವೆಲ್ಡಿಂಗ್) ಮೂರೂ ಒಂದರಲ್ಲೇ. ಡಬ್ಬದ ಮೇಲೆ ‘ಅಲ್ಯುಮಿನಿಯಂ’ ಅಂತ ದೊಡ್ಡದಾಗಿ ಬರೆದಿತ್ತು. ಮಾರಿದವರ ಹೆಸರು ಬೇಡ, ಇದೇ ಮಾತು ಯಾವ ಅಂಗಡಿಯಲ್ಲೂ ಕೇಳಸಿಗುತ್ತದೆ. ತಮಾಷೆ ಏನೆಂದರೆ ಅವರು ಹೇಳಿದ್ದು ಸುಳ್ಳೂ ಅಲ್ಲ. 6 ಮಿ.ಮೀ. ಪ್ಲೇಟಿಗೆ ಆ ಮಿಷನ್ ಆಗುತ್ತದೆ. ತೆಳು ಶೀಟಿಗೆ ಆಗುವುದಿಲ್ಲ, ಅಷ್ಟೇ. ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ತೊಂದರೆ ನಾಲ್ಕಿದ್ದವು. ಮೂರಕ್ಕೆ ಔಷಧಿ ಇತ್ತು.

ಮೊದಲನೆಯದು ಗ್ಯಾಸು. ನಮ್ಮಲ್ಲಿ ಮಿಗ್‌ಗೆ ಬಾಯಿಮಾತಿನ ಹೆಸರೇ ‘ಸಿಓಟು ವೆಲ್ಡಿಂಗ್’. ಆ ಹೆಸರೇ ದಾರಿ ತಪ್ಪಿಸುತ್ತದೆ. ಕಬ್ಬಿಣಕ್ಕೆ ಹಾಕುವ ಸಿಓಟು ಆಗಲಿ, ಆರ್ಗಾನ್ ಜೊತೆ ಸಿಓಟು ಬೆರೆಸಿದ ಮಿಕ್ಸ್ ಆಗಲಿ ಅಲ್ಯುಮಿನಿಯಮ್ಮಿಗೆ ನಡೆಯುವುದಿಲ್ಲ. ಬೆಸುಗೆ ಪೂರ್ತಿ ಮಸಿ ಹಿಡಿದು ಇಡ್ಲಿಯ ಹಾಗೆ ರಂಧ್ರ ರಂಧ್ರ. ಬೇಕಾದದ್ದು ಶುದ್ಧ ಆರ್ಗಾನ್, ನಿಮಿಷಕ್ಕೆ 12ರಿಂದ 18 ಲೀಟರ್. 7 ಕ್ಯೂಬಿಕ್ ಮೀಟರಿನ ಸಿಲಿಂಡರ್ 15 ಲೀಟರ್ ಲೆಕ್ಕದಲ್ಲಿ ಸುಮಾರು ಏಳೂಮುಕ್ಕಾಲು ಗಂಟೆಯ ವೆಲ್ಡಿಂಗಿಗೆ ಬರುತ್ತದೆ. ಮಿಷನ್ನಿನ ಬೆಲೆ ಕೇಳುವಾಗಲೇ ಈ ಖರ್ಚನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಎರಡನೆಯದು ವೈರ್ ಓಡದಿರುವುದು. ಅಲ್ಯುಮಿನಿಯಂ ವೈರ್ ಮೆತ್ತಗೆ. ಮೂರು ಮೀಟರ್ ಟಾರ್ಚಿನೊಳಗೆ 0.8 ಮಿ.ಮೀ. ವೈರನ್ನು ಹಿಂದಿನಿಂದ ತಳ್ಳುವುದೆಂದರೆ ಒದ್ದೆ ದಾರವನ್ನು ನಳಿಗೆಯೊಳಗೆ ತಳ್ಳಿದಂತೆ. ವೈರ್ ಹೊರಬರುವ ತುದಿಯ, ಅಂದರೆ ಟಿಪ್ಪಿನ, ಹತ್ತಿರ ಸ್ವಲ್ಪ ತಡೆದರೂ ಸಾಕು, ರೋಲರಿನ ಪಕ್ಕದಲ್ಲಿ ಇಷ್ಟುದ್ದ ವೈರ್ ಸುತ್ತಿಕೊಂಡು ಸಿಕ್ಕಾಗಿರುತ್ತದೆ. ಮಿಷನ್ ಜೊತೆ ಬಂದದ್ದು ಸ್ಟೀಲ್ ಲೈನರ್ (ಕೇಬಲ್ಲಿನೊಳಗೆ ವೈರ್ ಸಾಗುವ ನಳಿಗೆ) ಮತ್ತು ವಿ ಆಕಾರದ ಗಾಡಿಯ ವಿ ಗ್ರೂವ್ ರೋಲರ್, ಎರಡೂ ಕಬ್ಬಿಣದ ವೈರಿಗೆ ಮಾಡಿದ್ದು. ವಿ ಗ್ರೂವ್ ಮೆತ್ತನೆ ವೈರನ್ನು ಕಚ್ಚಿ ಆಕಾರ ಕೆಡಿಸುತ್ತದೆ, ಉದುರಿದ ಪುಡಿ ಲೈನರಿನಲ್ಲಿ ಕೂರುತ್ತದೆ. ಟೆಫ್ಲಾನ್ ಲೈನರ್, ಯು ಗ್ರೂವ್ ರೋಲರ್, ಒಂದು ಸೈಜು ದೊಡ್ಡ ಟಿಪ್ (0.8ಕ್ಕೆ 0.9, 1.0ಕ್ಕೆ 1.2) ಹಾಕಿದ ಮೇಲೆ ಅರ್ಧ ಕಂಪ್ಲೇಂಟು ಹೋಯಿತು. ಟಿಪ್ ದೊಡ್ಡದು ಬೇಕಾದದ್ದು ಯಾಕೆಂದರೆ ಬಿಸಿಗೆ ಅಲ್ಯುಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬಿಗಿ ಟಿಪ್ಪಿನಲ್ಲಿ ವೈರ್ ಸಿಕ್ಕಿ ಅಲ್ಲೇ ಕರಗಿ ಅಂಟಿಕೊಳ್ಳುತ್ತದೆ. ರೋಲರ್ ಬಿಗಿಸುವುದಕ್ಕೂ ಒಂದು ಅಳತೆ ಇದೆ: ವೈರನ್ನು ಮರದ ತುಂಡಿಗೆ ಒತ್ತಿಹಿಡಿದು ಟ್ರಿಗರ್ ಒತ್ತಿದರೆ ರೋಲರ್ ಜಾರಬೇಕು, ವೈರ್ ಮಡಚಬಾರದು.

ಆದರೂ 0.8 ವೈರಿಗೆ ಸ್ಪೂಲ್ ಗನ್ ಅಥವಾ ಪುಶ್-ಪುಲ್ ಟಾರ್ಚ್ (ಹಿಂದಿನಿಂದ ತಳ್ಳುವಾಗ ಮುಂದಿನಿಂದ ಎಳೆಯುವುದು) ಇಲ್ಲದೆ ನೆಮ್ಮದಿ ಇಲ್ಲ. ಸ್ಪೂಲ್ ಗನ್ನಿನಲ್ಲಿ ಅರ್ಧ ಕೆ.ಜಿ. ವೈರ್ ಗನ್ನಿನ ಮೇಲೇ ಕೂರುತ್ತದೆ, ತಳ್ಳುವ ದೂರ ಗೇಣಿಗಿಂತ ಸ್ವಲ್ಪ ಹೆಚ್ಚು. ಕೈಗೆ ಭಾರ, ಮೂಲೆಯೊಳಗೆ ಹೋಗುವುದಿಲ್ಲ, ನಿಮಿಷಕ್ಕೆ 9 ಮೀಟರಿನಂತೆ ಓಡಿಸಿದರೆ ಸ್ಪೂಲು 40 ನಿಮಿಷಕ್ಕೆ ಖಾಲಿ. ಕೊಳ್ಳುವವರು ಮರೆಯುವುದು ಇನ್ನೊಂದು: ಗನ್ನಿನ ಮೋಟಾರಿಗೆ ಮಿಷನ್ನಿನಲ್ಲಿ ಪ್ರತ್ಯೇಕ ಸಾಕೆಟ್ ಬೇಕು. ಈ ಮಿಷನ್ನಿನಲ್ಲಿ ಅದೇ ಇರಲಿಲ್ಲ.

ಮೂರನೆಯದು ಹೊಲಸು. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಪದರ ಕರಗುವುದು 2000 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಅದನ್ನು ಮುಂಚೆಯೇ ತೆಗೆಯಬೇಕು. ಮೊದಲು ಅಸಿಟೋನಿನಲ್ಲಿ ಎಣ್ಣೆ ಒರೆಸಿ, ಆಮೇಲೆ ಸ್ಟೇನ್‌ಲೆಸ್ ಬ್ರಷ್ಷಿನಲ್ಲಿ ಉಜ್ಜಿ. ಈ ಕ್ರಮ ತಿರುಗುಮುರುಗಾದರೆ ಬ್ರಷ್ ಎಣ್ಣೆಯನ್ನು ಒಳಗೆ ಉಜ್ಜುತ್ತದೆ. ಕಬ್ಬಿಣಕ್ಕೆ ಬಳಸಿದ ಬ್ರಷ್ ಬೇಡ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಅಂತೂ ಬೇಡವೇ ಬೇಡ. ಆರ್ಕಿನ ಬೆಳಕು, ಬಿಸಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮಂಗಳೂರು, ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ವೈರ್ ಸ್ಪೂಲನ್ನು ರಾತ್ರಿ ಮಿಷನ್ನಿನಲ್ಲೇ ಬಿಡಬೇಡಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ವೈರಿನ ಮೇಲೆ ಕೂತ ತೇವ ಆರ್ಕಿನಲ್ಲಿ ಹೈಡ್ರೋಜನ್ ಆಗುತ್ತದೆ. ಕರಗಿದ ಅಲ್ಯುಮಿನಿಯಂ ಅದನ್ನು ಗಟಗಟ ಕುಡಿಯುತ್ತದೆ, ಗಟ್ಟಿಯಾಗುವಾಗ ಹೊರಗೆ ತಳ್ಳುತ್ತದೆ, ಹೊರಬರಲಾಗದೆ ಸಿಕ್ಕಿಬಿದ್ದದ್ದು ಗುಳ್ಳೆ.

ಇಷ್ಟೆಲ್ಲ ಸರಿಮಾಡಿದರೂ ಏಳನೇ ಇಂಚಿನ ತೂತು ಹೋಗಲಿಲ್ಲ. ಅದು ಮಿಷನ್ನಿನ ಒಳಗಿನದು.

ಕಬ್ಬಿಣದ ತೆಳು ಶೀಟಿಗೆ ಮಿಗ್‌ನಲ್ಲಿ ವೈರ್ ಶೀಟಿಗೆ ತಾಗಿ ತಾಗಿ ಕರಗುತ್ತದೆ. ಬಿಸಿ ಕಡಿಮೆ, ಕೆಲಸ ಸುಲಭ. ಅಲ್ಯುಮಿನಿಯಮ್ಮಿನಲ್ಲಿ ಹಾಗೆ ಓಡಿಸಿದರೆ ಬೆಸುಗೆ ಹಿಡಿಯುವುದಿಲ್ಲ. ಶೀಟು ಬಿಸಿಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ, ವೈರ್ ಮೇಲೆ ಗುಡ್ಡೆ ಕಟ್ಟುತ್ತದೆ. ಮೊದಲ ಎರಡು ಇಂಚಿನ ಕಥೆ ಅದು. ಸರಿಯಾಗಿ ಹಿಡಿಯಬೇಕಾದರೆ ವೈರ್ ಸಣ್ಣ ಹನಿಗಳಾಗಿ ಸಿಡಿಯಬೇಕು, ಅದಕ್ಕೆ ಸ್ಪ್ರೇ ಅನ್ನುತ್ತಾರೆ. ಆರ್ಗಾನಿನಲ್ಲಿ 0.8 ವೈರಿಗೆ ಸ್ಪ್ರೇ ಶುರುವಾಗುವುದೇ ಸುಮಾರು 90 ಆಂಪಿಗೆ, 1.2 ವೈರಿಗೆ ಸುಮಾರು 135ಕ್ಕೆ. ಇತ್ತ 1.2 ಮಿ.ಮೀ. ಶೀಟು ತಡೆಯುವುದು 50 ಆಂಪಿನ ಆಸುಪಾಸು. 90 ಕೊಟ್ಟರೆ ಮೂರ್ನಾಲ್ಕು ಇಂಚು ಚೆನ್ನಾಗಿ ಹೋಗುತ್ತದೆ, ಅಷ್ಟರಲ್ಲಿ ಇಡೀ ಶೀಟು ಕಾದು ಮುಂದೆ ಕುಸಿಯುತ್ತದೆ. ಕೈ ಎಷ್ಟೇ ಪಳಗಿದ್ದರೂ ಮಾಮೂಲಿ ಮಿಷನ್ನಿನಲ್ಲಿ ಈ ಅಂತರ ದಾಟುವುದು ಕಷ್ಟ.

ದಾಟಿಸುವುದು ಪಲ್ಸ್. ಕರೆಂಟನ್ನು ಸೆಕೆಂಡಿಗೆ ಹತ್ತಾರು, ನೂರಾರು ಸಲ ಏರಿಸಿ ಇಳಿಸುತ್ತದೆ. ಏರಿದಾಗ ಒಂದು ಹನಿ ಬೀಳುತ್ತದೆ, ಇಳಿದಾಗ ಶೀಟು ತಣಿಯುತ್ತದೆ. ಸರಾಸರಿ 50 ಆಂಪ್, ಬೆಸುಗೆ ಮಾತ್ರ ಸ್ಪ್ರೇಯದ್ದು. ಇದರಲ್ಲಿ 1.0 ವೈರನ್ನೂ ತೆಳು ಶೀಟಿಗೆ ಬಳಸಬಹುದು, ಹಾಗಾಗಿ ವೈರ್ ಸಿಕ್ಕಾಗುವ ಗೋಳೂ ಕಡಿಮೆ.

ಆದ್ದರಿಂದ ಅಂಗಡಿಯಲ್ಲಿ ‘ಎಷ್ಟು ಆಂಪ್ ವರೆಗೆ ಹೋಗುತ್ತೆ?’ ಅಂತ ಕೇಳಬೇಡಿ. ‘ಅಲ್ಯುಮಿನಿಯಂ ಪಲ್ಸಿನಲ್ಲಿ ಎಷ್ಟಕ್ಕೆ ಇಳಿಯುತ್ತೆ?’ ಅಂತ ಕೇಳಿ. 250 ಆಂಪಿನ ಡ್ಯೂಟಿ ಸೈಕಲ್ (ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಬಿಸಿಯಾಗದೆ ಓಡಬಲ್ಲದು ಎಂಬ ಲೆಕ್ಕ) ಬಗ್ಗೆ ಹತ್ತು ನಿಮಿಷ ಭಾಷಣ ಬಂದರೆ ಕೇಳಿಸಿಕೊಂಡು ಬಿಟ್ಟುಬಿಡಿ, 50 ಆಂಪಿನ ಕೆಲಸಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸ್ಕ್ರೀನಿನಲ್ಲಿ ನಿಮ್ಮ ವೈರಿನ ಪ್ರೋಗ್ರಾಂ ತೋರಿಸಲು ಹೇಳಿ: ಅಲ್ಯುಮಿನಿಯಂ-ಮೆಗ್ನೀಸಿಯಂ 1.0 ಅಂತ ಬೇರೆಯಾಗಿ ಇರಬೇಕು. ಕೆಲವದರಲ್ಲಿ ಪಲ್ಸ್ ಇರುತ್ತದೆ, ಅಲ್ಯುಮಿನಿಯಮ್ಮಿಗೆ 1.2ರ ಪ್ರೋಗ್ರಾಂ ಒಂದೇ ಇರುತ್ತದೆ. ಹಾಟ್ ಸ್ಟಾರ್ಟ್ ಮತ್ತು ಕ್ರೇಟರ್ ಫಿಲ್ ಎರಡನ್ನೂ ಕೇಳಿ. ಮೊದಲನೆಯದು ತಣ್ಣನೆ ಶೀಟಿನ ಮೊದಲ ಇಂಚನ್ನು ಹಿಡಿಸುತ್ತದೆ, ಎರಡನೆಯದು ಕೊನೆಯಲ್ಲಿ ಗುಳಿ ಬಿದ್ದು ಬಿರುಕು ಬಿಡುವುದನ್ನು ತಡೆಯುತ್ತದೆ.

‘ಟಿಗ್ ಇದೆಯಲ್ಲ, ತೆಳು ಶೀಟಿಗೆ ಅದನ್ನೇ ಬಳಸಿ’ ಎನ್ನುವುದು ಇನ್ನೊಂದು ಗುಂಡಿ. ಮೂರು-ಒಂದರಲ್ಲಿ ಮಿಷನ್ನಿನ ಟಿಗ್ ಸಾಮಾನ್ಯವಾಗಿ ಡಿಸಿ. ಸ್ಟೇನ್‌ಲೆಸ್ಸಿಗೆ ಸರಿ. ಅಲ್ಯುಮಿನಿಯಮ್ಮಿನ ಆಕ್ಸೈಡ್ ಒಡೆಯಲು ಎಸಿ ಟಿಗ್ ಬೇಕು, ಅದು ಬೇರೆ ಮಿಷನ್ನು. ನಿಮ್ಮ ಕೆಲಸ 1 ಮಿ.ಮೀ.ಗಿಂತ ತೆಳುವಾದರೆ ಮಿಗ್ ಹುಡುಕುವುದನ್ನೇ ಬಿಟ್ಟು ಆ ಎಸಿ ಟಿಗ್ಗಿಗೆ ದುಡ್ಡು ಕೂಡಿಸಿ. ನಿಧಾನ, ಆದರೆ ಶೀಟು ಉಳಿಯುತ್ತದೆ. 2 ಮಿ.ಮೀ.ಗಿಂತ ದಪ್ಪ ಮಾತ್ರ ಇದ್ದರೆ ಪಲ್ಸ್ ಇಲ್ಲದ ಮಿಷನ್ನು ಸ್ಪೂಲ್ ಗನ್ ಜೊತೆ ಸಾಕು.

ವೈರಿನ ವಿಚಾರ ಚುಟುಕಾಗಿ: 5052 ಎಂಬ ಮಿಶ್ರಲೋಹದ ಶೀಟಿಗೆ ಇಆರ್ 5356, ಅದೇ ಅಲ್ಯುಮಿನಿಯಂ-ಮೆಗ್ನೀಸಿಯಂ ವೈರು. 6061, 6063ಕ್ಕೆ 5356 ಅಥವಾ 4043. 5356 ಕೊಂಚ ಗಡುಸು, ಸಲೀಸಾಗಿ ಓಡುತ್ತದೆ. 4043 ಹಾಕಿ ಆಮೇಲೆ ಆನೊಡೈಸ್ ಮಾಡಿಸಿದರೆ ವೆಲ್ಡು ಕಪ್ಪು ಬೂದು ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತದೆ. ಗುಜರಿಯಲ್ಲಿ ಸಿಕ್ಕ 7075, 2024 ಶೀಟನ್ನು ವೆಲ್ಡ್ ಮಾಡಲು ಹೋಗಬೇಡಿ, ಸೀಳುತ್ತದೆ.

ದುಡ್ಡು ಕೊಡುವ ಮುಂಚೆ ಡೆಮೊ ಬೇಕೇ ಬೇಕು. ಅಂಗಡಿಯವರು ಇಟ್ಟುಕೊಂಡ 5 ಮಿ.ಮೀ. ಪಟ್ಟಿಯ ಮೇಲಲ್ಲ. ನಿಮ್ಮ ಶೀಟಿನದ್ದೇ ಒಂದಡಿ ಉದ್ದದ ಎರಡು ತುಂಡು, ನೀವು ಬಳಸುವ ವೈರು ಒಯ್ಯಿರಿ. ಟಾರ್ಚನ್ನು ಬೆಸುಗೆ ಸಾಗುವ ದಿಕ್ಕಿಗೆ ತಳ್ಳುತ್ತಾ, 10-15 ಡಿಗ್ರಿ ವಾಲಿಸಿ, ಅಡಿಯಲ್ಲಿ ತಾಮ್ರದ ಪಟ್ಟಿ ಇಟ್ಟು ಒಂದೇ ಓಟದಲ್ಲಿ ಪೂರ್ತಿ ಒಂದಡಿ ಹೊಡೆಯಲು ಹೇಳಿ. ನಡುವೆ ನಿಲ್ಲಿಸಿ ತಣಿಸಿದರೆ ಒಪ್ಪಬೇಡಿ. ಆಮೇಲೆ ಟಾರ್ಚ್ ಕೇಬಲ್ಲನ್ನು ಒಂದು ಸುತ್ತು ಸುತ್ತಿಟ್ಟು ಇನ್ನೊಮ್ಮೆ ಓಡಿಸಿ. ವೈರ್ ತಡವರಿಸಿದರೆ ಅಲ್ಲೇ ಗೊತ್ತಾಗುತ್ತದೆ. ತುಂಡು ತಣಿದ ಮೇಲೆ ತಿರುಗಿಸಿ ಹಿಂಬದಿ ನೋಡಿ, ಜಾಯಿಂಟಿನ ಉದ್ದಕ್ಕೂ ಸಣ್ಣ ಗೆರೆ ಉಬ್ಬಿರಬೇಕು. ವೈಸಿಗೆ ಕಚ್ಚಿಸಿ ಬಗ್ಗಿಸಿ, ಮೊದಲ ಇಂಚು ಮತ್ತು ಕೊನೆಯ ಇಂಚನ್ನು.

ಸಾಧ್ಯವಾದರೆ ಇದೇ ಪರೀಕ್ಷೆ ನಿಮ್ಮ ಶೆಡ್ಡಿನ ಲೈನಿನಲ್ಲಿ, ಸಂಜೆ ಹೊತ್ತು ಮಾಡಿಸಿ. ಮಿಷನ್ನಿನ ನೇಮ್ ಪ್ಲೇಟಿನ ಮೇಲೆ 230 ವೋಲ್ಟ್, 15 ಪರ್ಸೆಂಟ್ ಹೆಚ್ಚುಕಡಿಮೆ ಅಂತಿದ್ದರೆ ಕೆಳಗಿನ ಮಿತಿ 195. ಊರ ಹೊರಗಿನ ಶೆಡ್ಡುಗಳಲ್ಲಿ ಮೋಟಾರುಗಳೆಲ್ಲ ಶುರುವಾದಾಗ ಲೈನ್ ಅದಕ್ಕಿಂತ ಕೆಳಗಿಳಿಯಬಹುದು. ಬಿಲ್ಲಿನ ಮೇಲೆ ‘1.2 ಮಿ.ಮೀ. ಅಲ್ಯುಮಿನಿಯಂ, ಪಲ್ಸ್ ಮಿಗ್’ ಎಂದು ಬರೆಸಿಕೊಳ್ಳಿ. ಮೇಲೆ ಹೇಳಿದ ಶೆಡ್ಡಿನ ಬಿಲ್ಲಿನಲ್ಲಿ ಬರೀ ‘ವೆಲ್ಡಿಂಗ್ ಮಿಷನ್, 1 ನಂ.’ ಅಂತಿತ್ತು. ವಾಪಸು ತಗೊಳ್ಳಿ ಎಂದಾಗ ಅಂಗಡಿಯವರು ಒಂದು ಕಬ್ಬಿಣದ ಪಟ್ಟಿ ತಂದು ಚೆನ್ನಾಗಿ ವೆಲ್ಡ್ ಮಾಡಿ ತೋರಿಸಿ ಕಳಿಸಿದರು.