13 ಖಾನೆಗಳ ಜಿಪ್ ಫೈಲ್: ಹೊಸ ದೇಶದಲ್ಲಿ ನೆಲೆಸಿದವರ ದಾಖಲೆಗಳಿಗೆ ಎಷ್ಟು ಯೋಗ್ಯ?

13 ಖಾನೆಗಳು, ಮೂರು ಬದಿಗೆ ಸುತ್ತಿಬರುವ ಜಿಪ್, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹೊದಿಕೆ, ಎ4 ಹಾಳೆಯನ್ನು ಮಡಚದೆ ಇಡುವಷ್ಟು ಅಗಲ. ಎಕ್ಸ್‌ಪ್ಯಾಂಡಿಂಗ್ ಫೈಲ್ ಎಂಬ ಹೆಸರಿನಲ್ಲಿ ಹಲವು ತಯಾರಕರು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ತಯಾರಿಸುವ ಈ ವಸ್ತುವನ್ನು ನಮ್ಮ ಕುಟುಂಬ ಹೊಸ ದೇಶಕ್ಕೆ ಬಂದಾಗಿನಿಂದ ಬಳಸುತ್ತಿದೆ. ಗುರುತಿನ ದಾಖಲೆಗಳು, ಬ್ಯಾಂಕಿನ ಕಾಗದಗಳು, ಮಕ್ಕಳ ಪ್ರಮಾಣಪತ್ರಗಳು ಎಲ್ಲವೂ ಇದರಲ್ಲೇ ಇವೆ. ವಲಸೆ ಬಂದ ಮೊದಲ ವರ್ಷಕ್ಕೆ ಇದಕ್ಕಿಂತ ಉಪಯುಕ್ತವಾದ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಆದರೆ ತಯಾರಕರು ಮುದ್ರಿಸಿಕೊಟ್ಟಿರುವ ಹೆಸರುಪಟ್ಟಿಯ ಪ್ರಕಾರ ಇದನ್ನು ಬಳಸಿದರೆ ಅರ್ಧ ಪ್ರಯೋಜನವೂ ದೊರೆಯುವುದಿಲ್ಲ.

ಫೈಲಿನ ಜೊತೆ ಬರುವ ಚೀಟಿಗಳಲ್ಲಿ ಗುರುತು, ಶಿಕ್ಷಣ, ಹಣಕಾಸು, ವಿಮೆ, ವೈದ್ಯಕೀಯ ಎಂಬ ವಿಭಾಗಗಳಿರುತ್ತವೆ. ವರ್ಷಗಳಿಂದ ಒಂದೇ ಊರಿನಲ್ಲಿ ಇರುವವರಿಗೆ ಈ ವಿಂಗಡಣೆ ಸಾಕು. ಹೊಸದಾಗಿ ಬಂದವರ ಕಷ್ಟವೇ ಬೇರೆ. ಅವರು ಒಂದೊಂದು ಕಚೇರಿಯ ಮುಂದೆಯೂ ಗುರುತು, ವಿಳಾಸ, ಆದಾಯ, ವಾಸದ ಹಕ್ಕು ಇವೆಲ್ಲವನ್ನೂ ಒಟ್ಟಿಗೇ ಸಾಬೀತುಪಡಿಸಬೇಕಾಗುತ್ತದೆ. ಅಂದರೆ ಒಂದು ಕೆಲಸಕ್ಕೆ ಬೇಕಾದ ಕಾಗದಗಳು ನಾಲ್ಕೈದು ವಿಭಾಗಗಳಲ್ಲಿ ಚದುರಿರುತ್ತವೆ. ಆದ್ದರಿಂದ ಕಾಗದ ಯಾವ ಬಗೆಯದು ಎಂಬುದನ್ನು ಬಿಟ್ಟು, ಅದನ್ನು ಯಾರು ಕೇಳುತ್ತಾರೆ ಎಂಬುದರ ಮೇಲೆ ಖಾನೆಗಳನ್ನು ಹಂಚುವುದೇ ಸರಿ. ಬ್ಯಾಂಕಿಗೆ ಒಂದು, ಮನೆ ಬಾಡಿಗೆಗೆ ಒಂದು, ಉದ್ಯೋಗದಾತರಿಗೆ ಒಂದು, ಶಾಲೆಗೆ ಒಂದು, ವಾಹನ ಚಾಲನಾ ಪರವಾನಗಿಗೆ ಒಂದು, ವಲಸೆ ಕಚೇರಿಗೆ ಒಂದು, ತೆರಿಗೆಗೆ ಒಂದು. ಮೂಲಪ್ರತಿಗಳಿಗೆ ಹಿಂಬದಿಯ ಮೂರು ಖಾನೆಗಳನ್ನು ಮೀಸಲಿಟ್ಟು, ಮುಂದಿನ ಖಾನೆಗಳಲ್ಲಿ ಜೆರಾಕ್ಸ್ ಪ್ರತಿಗಳನ್ನು ಮಾತ್ರ ಇಟ್ಟರೆ ಒಂದೇ ಪಾಸ್‌ಪೋರ್ಟ್‌ಗಾಗಿ ಇಡೀ ಫೈಲನ್ನು ತಡಕಾಡುವ ಪ್ರಸಂಗ ಬರುವುದಿಲ್ಲ.

ಬ್ಯಾಂಕಿನ ಖಾನೆಯನ್ನೇ ನೋಡೋಣ. ಪಾಸ್‌ಪೋರ್ಟ್, ವೀಸಾ ಅಥವಾ ವಾಸ ಪರವಾನಗಿ, ವಿಳಾಸದ ಪುರಾವೆ, ನೇಮಕಾತಿ ಪತ್ರ ಇವು ಯಾರಿಗಾದರೂ ಹೊಳೆಯುವ ದಾಖಲೆಗಳು. ಹಿಂದಿನ ದೇಶದ ತೆರಿಗೆದಾರ ಸಂಖ್ಯೆಯೂ ಬೇಕಾಗಬಹುದು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ದೇಶಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ತೆರಿಗೆಗಾಗಿ ಪರಸ್ಪರ ಹಂಚಿಕೊಳ್ಳಲೆಂದು 2014ರಲ್ಲಿ ಒಇಸಿಡಿ ಎಂಬ ಅಂತರರಾಷ್ಟ್ರೀಯ ಆರ್ಥಿಕ ಸಂಘಟನೆ ರೂಪಿಸಿದ ಸಾಮಾನ್ಯ ವರದಿ ಮಾನದಂಡವನ್ನು ಒಪ್ಪಿಕೊಂಡಿರುವ ದೇಶಗಳಲ್ಲಿ, ಹೊಸ ಖಾತೆ ತೆರೆಯುವವರು ಯಾವ ಯಾವ ದೇಶಗಳಲ್ಲಿ ತೆರಿಗೆ ನಿವಾಸಿಗಳಾಗಿದ್ದಾರೆ ಎಂಬ ಸ್ವಯಂ ಘೋಷಣೆಯನ್ನು ಬ್ಯಾಂಕು ಪಡೆಯಲೇಬೇಕು. ಬೇರೆ ದೇಶದ ಹೆಸರು ಬರೆದರೆ ಅಲ್ಲಿನ ತೆರಿಗೆ ಸಂಖ್ಯೆಯನ್ನೂ ಕೇಳುತ್ತಾರೆ. ಹಾಗೆಯೇ ಸಾಲದ ಇತಿಹಾಸ ಸಾಮಾನ್ಯವಾಗಿ ಗಡಿ ದಾಟಿ ಬರುವುದಿಲ್ಲ. ಹತ್ತು ವರ್ಷ ಒಂದೂ ಕಂತು ತಪ್ಪಿಸದೆ ಕಟ್ಟಿದವರು ಕೂಡ ಇಲ್ಲಿ ದಾಖಲೆಯೇ ಇಲ್ಲದ ಗ್ರಾಹಕರಾಗಿಬಿಡುತ್ತಾರೆ. ಹಳೆಯ ಬ್ಯಾಂಕಿನಿಂದ ಲೆಟರ್‌ಹೆಡ್ ಮೇಲೆ ಪಡೆದ ಒಂದು ಪರಿಚಯ ಪತ್ರ, ಕಳೆದ ಆರು ತಿಂಗಳ ಸ್ಟೇಟ್‌ಮೆಂಟ್, ಹಳೆಯ ವಾಹನ ವಿಮಾ ಕಂಪನಿಯಿಂದ ಯಾವುದೇ ಕ್ಲೇಮ್ ಮಾಡಿಲ್ಲ ಎಂಬ ಪತ್ರ, ಇವುಗಳನ್ನು ಹೊರಡುವ ಮೊದಲೇ ತೆಗೆದುಕೊಂಡರೆ ಸುಲಭ; ದೂರದಿಂದ ತರಿಸಿಕೊಳ್ಳುವುದು ಬಹಳ ತ್ರಾಸದ ಕೆಲಸ.

ಚಾಲನಾ ಪರವಾನಗಿಯ ಖಾನೆಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಊರಿನ ಮೂಲ ಪರವಾನಗಿಯನ್ನೂ ಒಂದಕ್ಕೊಂದು ಅಂಟಿದಂತೆ ಇಡಬೇಕು, ಏಕೆಂದರೆ ಮೂಲ ಪರವಾನಗಿ ಜೊತೆಗಿಲ್ಲದಿದ್ದರೆ ಅಂತರರಾಷ್ಟ್ರೀಯ ಪರವಾನಗಿಗೆ ಬೆಲೆಯಿಲ್ಲ. ರಸ್ತೆ ಸಂಚಾರದ ಕುರಿತ 1949ರ ಜಿನೀವಾ ಒಪ್ಪಂದದಡಿ ಕೊಟ್ಟದ್ದಾದರೆ ಅದರ ಅವಧಿ ಒಂದೇ ವರ್ಷ.

ನಾನು ಒಂದು ಖಾನೆಯನ್ನು ಹೆಸರಿನ ವ್ಯತ್ಯಾಸಗಳಿಗೆಂದೇ ಬಿಟ್ಟಿದ್ದೇನೆ, ಎಲ್ಲರೂ ಹಾಗೆ ಮಾಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆದ ಪೂರ್ಣ ಹೆಸರು, ಮದುವೆಯ ನಂತರದ ದಾಖಲೆಯಲ್ಲಿ ಬೇರೆ ಉಪನಾಮ: ಮೂರೂ ಒಬ್ಬರದೇ ಎಂದು ನಮಗೆ ಗೊತ್ತು, ಕೌಂಟರಿನ ಆಚೆ ಕುಳಿತವರಿಗೆ ಗೊತ್ತಿಲ್ಲ. ಮದುವೆ ನೋಂದಣಿ ಪ್ರಮಾಣಪತ್ರ, ಹೆಸರು ಬದಲಾವಣೆಯ ಆದೇಶ, ಎರಡು ಹೆಸರುಗಳೂ ಒಬ್ಬ ವ್ಯಕ್ತಿಯವೇ ಎಂದು ದೃಢೀಕರಿಸುವ ಅಫಿಡವಿಟ್ ಒಂದೇ ಕಡೆ ಸಿಕ್ಕರೆ ಅರ್ಧ ಗಂಟೆಯ ವಾದ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಇನ್ನು ಫೈಲಿನ ಗುಣಮಟ್ಟ. ಇದರ ದೊಡ್ಡ ಗುಣ ಪಾಲಿಪ್ರೊಪಿಲೀನ್. ಅಗ್ಗದ ಪಾರದರ್ಶಕ ಪೌಚುಗಳಲ್ಲಿ ಹಲವು ಪಿವಿಸಿಯವು. ಅದನ್ನು ಮೃದುವಾಗಿಸಲು ಬೆರೆಸುವ ರಾಸಾಯನಿಕಗಳು ಕಾಲಕ್ರಮದಲ್ಲಿ ಹೊರಬಂದು ಲೇಸರ್ ಪ್ರಿಂಟಿನ ಅಕ್ಷರಗಳನ್ನು ಕಾಗದದಿಂದ ಎತ್ತಿ ಪ್ಲಾಸ್ಟಿಕ್ಕಿಗೆ ಅಂಟಿಸಿಬಿಡುತ್ತವೆ, ಥರ್ಮಲ್ ಕಾಗದದ ರಸೀದಿಗಳನ್ನು ಮಸುಕಾಗಿಸುತ್ತವೆ. ಈ ಫೈಲಿನಲ್ಲಿ ಅಂಥ ಅಂಟು ಇದುವರೆಗೆ ಕಂಡಿಲ್ಲ. ಆದರೂ ಥರ್ಮಲ್ ರಸೀದಿ ಎಲ್ಲಿಟ್ಟರೂ ಬಿಸಿಲಿಗೆ, ಶಾಖಕ್ಕೆ ಮಾಸುತ್ತದೆ. ವೀಸಾ ಶುಲ್ಕದ ರಸೀದಿ ಅಂಥ ಕಾಗದದ್ದಾದರೆ ಅದೇ ದಿನ ಜೆರಾಕ್ಸ್ ಮಾಡಿಸುವುದು ಕ್ಷೇಮ.

ಅಳತೆಯ ವಿಷಯದಲ್ಲಿ ಎಚ್ಚರ ಬೇಕು. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಮೆರಿಕ ಮತ್ತು ಕೆನಡಾದಲ್ಲಿ ಬಳಕೆಯಲ್ಲಿರುವ ಲೆಟರ್ ಹಾಳೆ ಉದ್ದದಲ್ಲಿ ಚಿಕ್ಕದು, ಅಗಲದಲ್ಲಿ ಮಾತ್ರ 216 ಮಿ.ಮೀ. ಎ4ಕ್ಕೆ ಬಿಗಿಯಾಗಿ ಅಳತೆಮಾಡಿದ ಫೈಲಿನಲ್ಲಿ ಈ 6 ಮಿ.ಮೀ. ಅಂಚು ಮುದುಡುತ್ತದೆ, 356 ಮಿ.ಮೀ. ಉದ್ದದ ಲೀಗಲ್ ಹಾಳೆಯನ್ನಂತೂ ಮಡಚಲೇಬೇಕು. ಎರಡು ದೇಶಗಳ ಕಾಗದಗಳನ್ನು ಒಂದೆಡೆ ಇಡುವವರು ಖಾನೆಯ ಒಳಗಲವನ್ನೇ ಅಳೆದು ಕೊಳ್ಳಬೇಕು. ಹೊರಗಿನ ಅಳತೆ ನಂಬಬಾರದು.

ಈ ಫೈಲಿನ ನಿಜವಾದ ಪರೀಕ್ಷೆ ಅಪೊಸ್ಟಿಲ್ ಮಾಡಿಸಿದ ದಾಖಲೆಗಳಲ್ಲಿ ಆಗುತ್ತದೆ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದ ಪ್ರಕಾರ ಒಂದು ದೇಶದ ಸಾರ್ವಜನಿಕ ದಾಖಲೆಯನ್ನು ಇನ್ನೊಂದು ಸದಸ್ಯ ದೇಶ ಒಪ್ಪಿಕೊಳ್ಳಲು ಬೇಕಾದ ದೃಢೀಕರಣವಿದು. ಜನನ ಪ್ರಮಾಣಪತ್ರದ ಹಿಂದೆ ಅಂಟಿಸಿದ ಅಥವಾ ಪಿನ್ ಹೊಡೆದ ಚೌಕ, ಅದರ ನೆತ್ತಿಯ ಮೇಲೆ ಫ್ರೆಂಚ್ ಭಾಷೆಯ ಶೀರ್ಷಿಕೆ, ಕೆಳಗೆ ಸಂಖ್ಯೆ ಹಾಕಿದ 10 ಸಾಲುಗಳು: ದೇಶ, ಸಹಿ ಮಾಡಿದವರು, ಅವರ ಹುದ್ದೆ, ಮುದ್ರೆ, ಸ್ಥಳ, ದಿನಾಂಕ ಹೀಗೆ. ಇಂಥ ದಾಖಲೆಗೆ ಭಾಷಾಂತರವೂ ಸೇರಿದ್ದರೆ ಹಾಳೆಗಳ ಕಟ್ಟು ದಪ್ಪವಾಗುತ್ತದೆ. ಸ್ಕ್ಯಾನ್ ಮಾಡಲು ಅನುಕೂಲವೆಂದು ಆ ಪಿನ್ನುಗಳನ್ನು ಎಂದಿಗೂ ಬಿಚ್ಚಬಾರದು. ಬಿಚ್ಚಿದ ಕಟ್ಟನ್ನು ಅಧಿಕಾರಿಗಳು ತಿರಸ್ಕರಿಸಬಹುದು. ಲ್ಯಾಮಿನೇಷನ್ ಕೂಡ ಬೇಡ, ಉಬ್ಬು ಮುದ್ರೆಯನ್ನು ಬೆರಳಿನಿಂದ ಮುಟ್ಟಿ ನೋಡುವ ಅವಕಾಶವೇ ಅದರಿಂದ ತಪ್ಪುತ್ತದೆ. ಫೈಲು ಇಲ್ಲಿ ಸ್ವಲ್ಪ ಸೋಲುತ್ತದೆ. ಎಲ್ಲ ಖಾನೆಗಳೂ ತುಂಬಿರುವಾಗ ಜಿಪ್ ಎಳೆದರೆ ಒತ್ತಡ ನಡುವಿನ ಖಾನೆಗಳ ಮೇಲೆ ಬೀಳುತ್ತದೆ. ಉಬ್ಬು ಮುದ್ರೆ ಚಪ್ಪಟೆಯಾಗದಂತೆ ಇಂಥವನ್ನು ಕೊನೆಯ ಖಾನೆಯಲ್ಲಿ, ಗಟ್ಟಿ ರಟ್ಟಿನ ಹಾಳೆಯ ಆಸರೆಯೊಂದಿಗೆ ಇಡಬೇಕಾಗುತ್ತದೆ.

ಪಾಸ್‌ಪೋರ್ಟ್‌ಗೆಂದು ಒಳಗಡೆ ಒಂದು ಜಾಲರಿ ಜೇಬು ಇದೆ. ನಾಲ್ವರ ಕುಟುಂಬದ ಪಾಸ್‌ಪೋರ್ಟ್‌ಗಳನ್ನು ಅದರಲ್ಲಿಟ್ಟರೆ ಅದು ಉಬ್ಬಿಕೊಂಡು ಪಕ್ಕದ ಕಾಗದಗಳನ್ನು ಬಾಗಿಸುತ್ತದೆ, ಗುರುತಿನ ಕಾರ್ಡುಗಳಿಗಂತೂ ಪ್ರತ್ಯೇಕ ಜಾಗವೇ ಇಲ್ಲ. ಇದು ಇಡೀ ಫೈಲಿನ ದೊಡ್ಡ ಕೊರತೆ. ದುಬಾರಿ ಮಾದರಿಗಳಲ್ಲಿ ಆರ್‌ಎಫ್‌ಐಡಿ, ಅಂದರೆ ಚಿಪ್ಪನ್ನು ಮುಟ್ಟದೆ ಓದುವ ರೇಡಿಯೊ ಅಲೆಗಳನ್ನು, ತಡೆಯುವ ಜೇಬನ್ನು ವಿಶೇಷ ಸೌಲಭ್ಯವೆಂದು ಹೇಳಿಕೊಂಡಿರುತ್ತಾರೆ. ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಇ-ಪಾಸ್‌ಪೋರ್ಟ್‌ನ ಚಿಪ್ಪನ್ನು ಓದಲು ಯಂತ್ರ ಕೆಲವೇ ಸೆಂಟಿಮೀಟರ್ ಹತ್ತಿರ ಇರಬೇಕು. ಅದೂ ಅಲ್ಲದೆ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವ ಒಳಪುಟದ ಸಾಲುಗಳನ್ನು ಮೊದಲು ಓದಿದರಷ್ಟೇ ಚಿಪ್ ತನ್ನೊಳಗಿನ ಮಾಹಿತಿಯನ್ನು ಬಿಟ್ಟುಕೊಡುವಂತೆ ಅದನ್ನು ರೂಪಿಸಲಾಗಿದೆ. ಮುಚ್ಚಿಟ್ಟ ಪಾಸ್‌ಪೋರ್ಟ್‌ಗೆ ಕಳೆದುಹೋಗುವ ಅಪಾಯವೇ ಹೆಚ್ಚು.

ಬೆಂಕಿ ನಿರೋಧಕ ಚೀಲವನ್ನೇ ಕೊಳ್ಳಬಾರದೇಕೆ ಎಂದು ಕೆಲವರು ಕೇಳಬಹುದು. ಸಿಲಿಕೋನ್ ಲೇಪಿಸಿದ ಗಾಜಿನ ನಾರಿನ ಚೀಲಗಳು ಸಾವಿರ ಡಿಗ್ರಿ ತಾಳುತ್ತವೆ ಎಂಬ ಜಾಹೀರಾತನ್ನು ನಾನೂ ನೋಡಿದ್ದೇನೆ. ಬಟ್ಟೆ ಉರಿಯದಿರುವುದು ಒಂದು ಸಂಗತಿ, ಒಳಗಿನ ಕಾಗದ ಸುಡದಿರುವುದು ಇನ್ನೊಂದು. ಕಾಗದ ರಕ್ಷಿಸುವ ಪೆಟ್ಟಿಗೆಗಳಿಗೆ ಯುಎಲ್ 72 ಎಂಬ ಮಾನದಂಡವಿದೆ. ಅದರ 350ನೇ ವರ್ಗದಲ್ಲಿ ನಿಗದಿತ ಅವಧಿಯವರೆಗೆ ಒಳಗಿನ ಉಷ್ಣತೆ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 177 ಡಿಗ್ರಿ ಸೆಲ್ಸಿಯಸ್, ದಾಟಬಾರದು. ಒಳಗಿನ ಶಾಖದ ಬಗ್ಗೆ ಇಂಥ ಪರೀಕ್ಷೆಯ ಉಲ್ಲೇಖವಿಲ್ಲದ ತೆಳುವಾದ ಚೀಲವನ್ನು ನಂಬಿ ಮೂಲಪ್ರತಿಗಳನ್ನು ನಿಶ್ಚಿಂತೆಯಿಂದ ಬಿಡಲು ನಾನು ಸಿದ್ಧಳಿಲ್ಲ. ಆ ಹಣದಲ್ಲಿ ದೃಢೀಕೃತ ಪ್ರತಿಗಳನ್ನು ಮಾಡಿಸಿ ನಂಬಿಕಸ್ಥ ಬಂಧುಗಳ ಮನೆಯಲ್ಲಿ ಇಡುವುದು ಹೆಚ್ಚು ಭದ್ರ.

ಸ್ಕ್ಯಾನ್ ಪ್ರತಿಗಳು ಈ ಫೈಲಿನ ಜೋಡಿಯಾಗಿ ಇರಲೇಬೇಕು. 300 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್, ಪಿಡಿಎಫ್ ರೂಪ, ಪಾಸ್‌ವರ್ಡ್ ಇರುವ ಫೋಲ್ಡರ್ ಸಾಕು. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮ ಅನುಸರಿಸಿದರೆ ತಿಂಗಳು ಮೊದಲು ಬರೆಯುವ ದೇಶಕ್ಕೂ ದಿನ ಮೊದಲು ಬರೆಯುವ ದೇಶಕ್ಕೂ ಗೊಂದಲವಾಗುವುದಿಲ್ಲ.

ತೆರಿಗೆಯ ಖಾನೆ ಮಾತ್ರ ಬಹಳ ಬೇಗ ತುಂಬುತ್ತದೆ. ಕೆನಡಾದಲ್ಲಿ ಸಂಬಂಧಿಸಿದ ತೆರಿಗೆ ವರ್ಷ ಮುಗಿದ ಮೇಲೆ 6 ವರ್ಷ, ಅಮೆರಿಕದಲ್ಲಿ ಸಾಮಾನ್ಯ ಸಂದರ್ಭಗಳಲ್ಲಿ 3 ವರ್ಷ ದಾಖಲೆಗಳನ್ನು ಉಳಿಸಿಕೊಳ್ಳಬೇಕು. ಎರಡನೆಯ ವರ್ಷಕ್ಕೆ ಹಳೆಯ ತೆರಿಗೆ ಕಾಗದಗಳನ್ನು ಬೇರೆ ಪೆಟ್ಟಿಗೆಗೆ ಸಾಗಿಸಿ, ಈ ಫೈಲಿನಲ್ಲಿ ಇತ್ತೀಚಿನದನ್ನು ಮಾತ್ರ ಉಳಿಸಿಕೊಳ್ಳುವುದು ಅನಿವಾರ್ಯ. ಇಲ್ಲದಿದ್ದರೆ ಜಿಪ್ಪಿನ ಮೂಲೆಯ ಹೊಲಿಗೆ ಬಿಟ್ಟುಕೊಳ್ಳುತ್ತದೆ, ನಮ್ಮದರಲ್ಲಿ ಅದು ಆಗಲೇ ಶುರುವಾಗಿದೆ. ಕೊಳ್ಳುವಾಗ ಜಿಪ್ ತಿರುಗುವ ಎರಡು ಮೂಲೆಗಳಲ್ಲಿ ಜೋಡಿ ಹೊಲಿಗೆ ಇದೆಯೇ, ಮಡಿಕೆಗಳ ತಳಭಾಗವನ್ನು ಬರೀ ಅಂಟಿಸಿದ್ದಾರೆಯೇ ಅಥವಾ ಬೆಸೆದಿದ್ದಾರೆಯೇ ಎಂದು ಬೆರಳಾಡಿಸಿ ನೋಡಿ. ಒಳಗೆ ಕಾರ್ಡುಗಳ ಹಾಳೆ ಇರುವ ಮಾದರಿ ಸಿಕ್ಕರೆ, ಖಾನೆಗಳು ಒಂದೆರಡು ಕಡಿಮೆಯಿದ್ದರೂ, ಅದನ್ನೇ ಆರಿಸಿಕೊಳ್ಳಿ.